ಪಿನ್ನಿಯನ್ನು ಬೇಡವೆಂದವರು ಅವರಲ್ಲ

ಪಿನ್ನೀ, ವಿಜಯವಾಡದ ನಮ್ಮ ಮನೆಗೆ ನಿನ್ನನ್ನು ನೋಡಲು ಬಂದಿದ್ದ ಆ ನೌಕಾಪಡೆಯ ಹುಡುಗ ತಾನಾಗಿ ನಿನ್ನನ್ನು ಬೇಡ ಎನ್ನಲಿಲ್ಲ. ಹಾಗೆ ಹೇಳುವಂತೆ ಮಾಡಿದವಳು ನಾನು. ನಿನ್ನ ಅಕ್ಕನ ಮಗಳು ವೀಣಾ — ನಿನ್ನ ಮಗ್ಗುಲಲ್ಲೇ ಮಲಗಿ, ನಿನ್ನ ಕೈಯಲ್ಲೇ ಎರಡು ಜಡೆ ಹಾಕಿಸಿಕೊಂಡು ಶಾಲೆಗೆ ಹೋಗುತ್ತಿದ್ದವಳು. ನಿನಗೆ ಒಪ್ಪಿಗೆಯಿಲ್ಲ ಎಂದು ನಾನು ಅವರಿಗೆ ಸುಳ್ಳು ಹೇಳಿದೆ. ಅವರು ನಂಬಿದರು. ನೀನು ಇಷ್ಟು ವರ್ಷ ಅವರಿಗೆ ನಿನ್ನ ಮುಖ ಹಿಡಿಸಲಿಲ್ಲ ಎಂದುಕೊಂಡು ಬದುಕಿದೆ.

ಇದನ್ನು ಹೇಳಬೇಕೆಂದು ಮನಸ್ಸಿನಲ್ಲೇ ಎಷ್ಟೋ ಸಲ ತಾಲೀಮು ಮಾಡಿದ್ದೇನೆ. ಪ್ರತಿ ಸಲವೂ ‘ಆಗ ನನಗೆ ಬರೀ ಹದಿನೈದು’ ಎಂದೇ ಶುರುವಾಗುತ್ತಿತ್ತು. ಹಾಗೆ ಶುರುಮಾಡಿದರೆ ಅರ್ಧ ತಪ್ಪು ಅಲ್ಲೇ ತೊಳೆದುಹೋಗುತ್ತದಲ್ಲ — ಅದಕ್ಕೇ ಮುಂದೆ ಹೋಗಲು ನಾಚಿಕೆಯಾಗುತ್ತಿತ್ತು. ಈ ಸಲದ ತಾಲೀಮಿನಲ್ಲಿ ತಪ್ಪನ್ನೇ ಮೊದಲು ಹೇಳಿಬಿಟ್ಟಿದ್ದೇನೆ. ಇನ್ನು ಉಳಿದದ್ದು. ನಿನಗೆ ಗೊತ್ತಿರುವುದನ್ನೂ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡ. ನನಗೆ ಗೊತ್ತಿದ್ದ ಬದಿಯಿಂದ ನೀನು ಅದನ್ನು ಯಾವತ್ತೂ ನೋಡಿಲ್ಲ.

ಅಪ್ಪನಿಗೆ ಬ್ಯಾಂಕಿನಲ್ಲಿ ಬಡ್ತಿ ಸಿಕ್ಕಿ ಗದಗದಿಂದ ವಿಜಯವಾಡಕ್ಕೆ ವರ್ಗವಾದಾಗ ನಾನು ಇನ್ನೂ ಚಿಕ್ಕವಳು. ಒನ್ ಟೌನ್ ಪೇಟೆಯ ಆ ಓಣಿಯಲ್ಲಿ, ಮೆಣಸಿನಕಾಯಿ ಮಂಡಿಗಳ ಘಾಟಿಗೆ ಎಲ್ಲರೂ ಸೀನುತ್ತಲೇ ಮಾತಾಡುವ ಜಾಗದಲ್ಲಿ, ರಾಜ್ಯಲಕ್ಷ್ಮಿಗಾರು ಅವರ ಮನೆಯ ಮೇಲಿನ ಭಾಗ ನಮ್ಮದಾಯಿತು. ಅಜ್ಜಿ ತೀರಿಕೊಂಡ ಮೇಲೆ ನೀನು ಬಿ.ಎ. ಮುಗಿಸಿಕೊಂಡು ನಮ್ಮ ಜೊತೆ ಇರಲು ಬಂದೆ. ಊರಿನಲ್ಲಿದ್ದಿದ್ದರೆ ನಿನ್ನನ್ನು ಚಿಗವ್ವ ಅನ್ನುತ್ತಿದ್ದೆ. ಕೆಳಗಿನ ಮನೆಯ ಮಕ್ಕಳೆಲ್ಲ ತಾಯಿಯ ತಂಗಿಗೆ ಪಿನ್ನಿ ಅನ್ನುತ್ತಿದ್ದರು, ನಾನೂ ಪಿನ್ನಿ ಅಂದೆ. ಅವ್ವ ಬೈದಳು. ನೀನು ಮಾತ್ರ, “ಅನ್ನಲಿ ಬಿಡಕ್ಕಾ, ಚಿಗವ್ವ ಅಂದ್ರ ವಯಸ್ಸಾದಂಗ ಅನಸ್ತದ” ಎಂದು ನಕ್ಕೆ.

ನನ್ನ ಕನ್ನಡ ಆಗಲೇ ಅಡುಗೆಮನೆ ದಾಟಿ ಹೋಗುತ್ತಿರಲಿಲ್ಲ. ಜಗಳ, ಆಟ, ಗುಟ್ಟು ಎಲ್ಲ ತೆಲುಗಿನಲ್ಲಿ. ನಿನ್ನೊಡನೆ ಮಾತ್ರ ಮನಸ್ಸು ಬಿಚ್ಚಿ ಕನ್ನಡ ಆಡುತ್ತಿದ್ದೆ, ಅದೂ ಅರ್ಧ ತೆಲುಗು ಬೆರೆಸಿ. ಶಾಲೆಯಲ್ಲಿ ಯಾರು ಯಾರನ್ನು ಚಿವುಟಿದರು ಎನ್ನುವುದರಿಂದ ಹಿಡಿದು ಎಲ್ಲ ವರದಿಯೂ ನಿನಗೇ ಒಪ್ಪಿಸಬೇಕು. ಅವ್ವ ಕೇಳಿದರೆ ‘ಏನಿಲ್ಲ’. ಮಲಗುವಾಗ ನಿನ್ನ ಸೆರಗಿನ ತುದಿ ನನ್ನ ಬೆರಳಿಗೆ ಸುತ್ತಿಕೊಂಡಿರಬೇಕು. ಹದಿನೈದಾದರೂ ಆ ಚಟ ಬಿಟ್ಟಿರಲಿಲ್ಲ, ನೀನೂ ಬಿಡಿಸಿರಲಿಲ್ಲ.

ನೀನು ಎತ್ತರ. ನಮ್ಮ ಕಡೆಯ ಗಂಡುಗಳ ಪಾಲಿಗೆ ಅದೊಂದು ದೊಡ್ಡ ಕಷ್ಟವಾಗಿತ್ತು. ನೋಡಲು ಬಂದವರು ಕೂತಿರುವಾಗ ಎಲ್ಲ ಚೆನ್ನಾಗಿಯೇ ಇರುತ್ತಿತ್ತು. ಹೊರಡಲು ಎದ್ದು ನಿಂತಾಗ ಹುಡುಗನ ತಲೆ ನಿನ್ನ ಕಿವಿಯ ಹತ್ತಿರ ಬರುತ್ತಿತ್ತು, ಅಲ್ಲಿಗೆ ಸಂಬಂಧ ಮುಗಿಯಿತು. “ಹುಡುಗಿ ಎಲ್ಲಾ ಛಲೋ ಇದ್ದಾಳ್ರಿ, ಎತ್ತರ ಒಂದ ಸ್ವಲ್ಪ...” ಎಂದು ಬರುತ್ತಿತ್ತು ಸುದ್ದಿ. ನೀನು ನಗುತ್ತಿದ್ದೆ. “ನಾ ಮಾಡಿದ ತಪ್ಪೇನು ಇದ್ರಾಗ, ಅವ್ರಿಗೆ ಸ್ಟೂಲು ಕೊಡ್ರಿ” ಅನ್ನುತ್ತಿದ್ದೆ. ಆ ನಗು ನಿಜವಾದದ್ದೇ. ಎತ್ತರ ನಿನ್ನ ತಪ್ಪಲ್ಲ ಎನ್ನುವುದು ನಿನಗೆ ಗೊತ್ತಿತ್ತು.

ಈಗ ಸಿನಿಮಾದ ಮಾತಿಗೆ ಬರಬೇಕು. ಆ ವರ್ಷ ಸಂಕ್ರಾಂತಿಗೆ ಕೆಳಗಿನ ಮನೆಯವರು ವಿಡಿಯೋ ಡೆಕ್ಕನ್ನು ಬಾಡಿಗೆಗೆ ತಂದಿದ್ದರು. ಒಂದು ದಿನದ ಬಾಡಿಗೆ, ಹಾಗಾಗಿ ಕಣ್ಣು ಉರಿಯುವವರೆಗೆ ನೋಡಲೇಬೇಕು. ಕ್ಯಾಸೆಟ್ಟುಗಳಲ್ಲಿ ಒಂದು ಹಿಂದಿ ಸಿನಿಮಾ. ದೊಡ್ಡ ಮನೆ, ಮೀಸೆಯ ಅಪ್ಪ, ಸದಾ ಲಡ್ಡು ಕಟ್ಟುವ ಅತ್ತೆಯಂದಿರು, ಮದುವೆ ಗೊತ್ತಾದ ಅಕ್ಕ. ಅಕ್ಕನಿಗೆ ಬೇರೊಬ್ಬನ ಮೇಲೆ ಮನಸ್ಸು, ಆದರೆ ಬಾಯಿಬಿಟ್ಟು ಹೇಳಲಾರಳು, ಅಡುಗೆಮನೆಯ ಬಾಗಿಲ ಹಿಂದೆ ನಿಂತು ಅಳುತ್ತಾಳೆ. ಕೊನೆಗೆ ಪುಟ್ಟ ತಂಗಿ ಧೈರ್ಯ ಮಾಡಿ ವರನನ್ನೇ ಪಕ್ಕಕ್ಕೆ ಕರೆದು ನಿಜ ಹೇಳುತ್ತಾಳೆ. ವರ ಒಳ್ಳೆಯವನು. ನಕ್ಕು, ಪೆಟ್ಟಿಗೆ ಎತ್ತಿಕೊಂಡು, ತಂಗಿಯ ಕೆನ್ನೆ ತಟ್ಟಿ ಹೋಗಿಬಿಡುತ್ತಾನೆ. ಆಮೇಲೆ ಎಲ್ಲರೂ ಕುಣಿಯುತ್ತಾರೆ, ಮೀಸೆಯ ಅಪ್ಪನೂ.

ಕೆಳಗಿನ ಮನೆಯಲ್ಲಿ ಯಾರಿಗೂ ಹಿಂದಿ ಬರುತ್ತಿರಲಿಲ್ಲ. “ಏಮಂಟುನ್ನಾಡು, ಅಮ್ಮಾಯೀ?” — ಏನನ್ನುತ್ತಿದ್ದಾನೆ — ಎಂದು ರಾಜ್ಯಲಕ್ಷ್ಮಿಗಾರು ಒಂದೊಂದು ಮಾತಿಗೂ ಕೇಳುವುದು, ನೀನು ಹಿಂದಿಯಿಂದ ನಿನ್ನ ಗದಗಿನ ತೆಲುಗಿಗೆ ತಂದು ಹೇಳುವುದು. ನಿನ್ನ ತೆಲುಗು ಕೇಳಿ ಅವರ ಮಗ ಪ್ರಸಾದ್ ಹೊಟ್ಟೆ ಹಿಡಿದುಕೊಂಡು ನಕ್ಕ. ನೀನೂ ನಕ್ಕೆ. ನಾನು ಸಿನಿಮಾ ಬಿಟ್ಟು ನಿಮ್ಮಿಬ್ಬರನ್ನೇ ನೋಡಿದೆ. ನನಗೆ ಕಥೆ ಸಿಕ್ಕಿಬಿಟ್ಟಿತ್ತು.

ಅಲ್ಲಿಂದ ಸಾಕ್ಷಿ ಕೂಡಿಸತೊಡಗಿದೆ. ಪ್ರಸಾದ್ ರೈಲ್ವೆ ಸ್ಟೇಷನ್ನಿನ ಅಂಗಡಿಯಿಂದ ನಿನಗೊಂದು ಕನ್ನಡ ವಾರಪತ್ರಿಕೆ ತಂದುಕೊಟ್ಟಿದ್ದ — ಅಪ್ಪನೇ ತರಲು ಹೇಳಿದ್ದರು ಎನ್ನುವುದನ್ನು ನಾನು ಲೆಕ್ಕಕ್ಕೆ ಹಿಡಿಯಲಿಲ್ಲ. ನೀರಿನ ಕೊಡ ಮೆಟ್ಟಿಲ ಮೇಲೆ ಹತ್ತಿಸಿಕೊಟ್ಟಿದ್ದ — ಅವ್ವನಿಗೂ ಹತ್ತಿಸಿಕೊಡುತ್ತಿದ್ದ. ಅವನ ತಾಯಿ ನಿನಗೆ ಹೂ ಮುಡಿಸುತ್ತಿದ್ದರು. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ. ಪ್ರಸಾದನಿಗೆ ಗುಡಿವಾಡದ ಸೋದರಮಾವನ ಮಗಳು ತೊಟ್ಟಿಲಲ್ಲಿದ್ದಾಗಲೇ ಗೊತ್ತಾಗಿದ್ದಳು ಎನ್ನುವುದು ಓಣಿಗೆಲ್ಲ ತಿಳಿದಿತ್ತು. ನನಗೆ ತಿಳಿದಿರಲಿಲ್ಲ, ತಿಳಿಯುವ ಮನಸ್ಸೂ ಇರಲಿಲ್ಲ.

ಅಷ್ಟರಲ್ಲಿ ಈ ಸಂಬಂಧ ಬಂತು. ಅಪ್ಪನ ಜೊತೆ ಕೆಲಸ ಮಾಡಿದ ಒಬ್ಬರು ವಿಶಾಖಪಟ್ಟಣದ ಶಾಖೆಯಲ್ಲಿದ್ದರು, ಅವರು ನೋಡಿ ಹೇಳಿದ್ದು. ಹುಡುಗನ ಹೆಸರು ಶಿವಾನಂದ, ಹುಬ್ಬಳ್ಳಿಯವರು, ನೌಕಾಪಡೆಯಲ್ಲಿ ಕೆಲಸ. ಎಲ್ಲಕ್ಕಿಂತ ಮುಖ್ಯ, ನಿನಗಿಂತ ಎತ್ತರ. ಫೋಟೋ ಬಂದ ದಿನ ಅವ್ವ ಅದನ್ನು ದೇವರ ಮುಂದಿಟ್ಟಳು. ನೀನು ದೀಪ ಹಚ್ಚುವ ನೆಪದಲ್ಲಿ ಒಮ್ಮೆ, ಹೂ ಏರಿಸುವ ನೆಪದಲ್ಲಿ ಒಮ್ಮೆ ಹೋಗಿ ನೋಡಿದೆ. ನಾನು ಕಂಡೆ. ಕಂಡೂ ಅದಕ್ಕೊಂದು ಅರ್ಥ ಕೊಡಲಿಲ್ಲ, ನನ್ನ ಸಿನಿಮಾದಲ್ಲಿ ಅಂಥ ದೃಶ್ಯ ಇರಲಿಲ್ಲವಲ್ಲ.

ಅವರು ಬರುವ ದಿನ ನೀನು ಅಡುಗೆಮನೆಯಲ್ಲಿ ಶಿರಾ ತಿರುವುತ್ತ ಅಳುತ್ತಿದ್ದೆ. ಸದ್ದಿಲ್ಲದೆ, ಮೂಗು ಸೆರಗಿಗೆ ಒರೆಸಿಕೊಳ್ಳುತ್ತ. ನಾನು ಬಾಗಿಲಲ್ಲಿ ನಿಂತಿದ್ದೆ. ನನಗೆ ಮೈ ಜುಂ ಎಂದಿತು. ಥೇಟ್ ಸಿನಿಮಾ! ‘ಯಾಕ ಅಳ್ತಿ’ ಎಂದು ಕೇಳಬಹುದಿತ್ತು. ದಿನಕ್ಕೆ ನೂರು ಪ್ರಶ್ನೆ ಕೇಳುತ್ತಿದ್ದವಳು ಆ ಒಂದನ್ನು ಕೇಳಲಿಲ್ಲ. ಉತ್ತರ ನನಗೆ ಮೊದಲೇ ಗೊತ್ತಿದೆ ಎಂದುಕೊಂಡಿದ್ದೆ.

ಹುಡುಗನ ಜೊತೆ ಅವರ ಅಕ್ಕ, ಭಾವ ಬಂದರು. ಊರಿಂದ ತಮ್ಮನನ್ನು ನೋಡಲು ವಿಶಾಖಪಟ್ಟಣಕ್ಕೆ ಬಂದವರು, ಅಲ್ಲಿಂದ ಮೂವರೂ ರೈಲಿನಲ್ಲಿ ಬಂದಿದ್ದರು. ಭಾವ ಬಾಯಿತುಂಬ ಮಾತಿನ ಮನುಷ್ಯ. ರಾಜ್ಯಲಕ್ಷ್ಮಿಗಾರು ಪ್ರೀತಿಯಿಂದ ಮಾಡಿ ಕಳಿಸಿದ್ದ ಮಿರಪಕಾಯ ಬಜ್ಜಿಯ ತಟ್ಟೆ ನೋಡಿ, “ನಾವು ಬ್ಯಾಡಗಿ ಮೆಣಸಿನಕಾಯಿ ಸೀಮಿಯವ್ರು, ನಮಗೇನು ಖಾರದ ಭಯ” ಎಂದು ಇಡೀ ಬಜ್ಜಿಯನ್ನೇ ಬಾಯಿಗೆ ಹಾಕಿಕೊಂಡರು. ಬ್ಯಾಡಗಿಯದು ಬಣ್ಣ, ಗುಂಟೂರಿನದು ಬೆಂಕಿ. ಅವರ ಕಣ್ಣಿಂದ ನೀರು ಇಳಿಯಿತು, ಮಾತು ನಿಂತಿತು, ಕೈ ಮಾತ್ರ ನೀರು ನೀರು ಎಂದು ಆಡುತ್ತಿತ್ತು. ನೀನು ಆಗಷ್ಟೇ ಚಹಾ ತಂದು ಇಡುತ್ತಿದ್ದವಳು, ತಟ್ಟನೆ ಶಿರಾದ ತಟ್ಟೆ ಅವರ ಕೈಗೆ ಕೊಟ್ಟು ತಿನ್ನಿಸಿದೆ. ಅಪ್ಪ ನಕ್ಕರು, ಅವರ ಅಕ್ಕ ನಕ್ಕರು, ಶಿವಾನಂದರೂ ನೀನೂ ಒಟ್ಟಿಗೇ ನಕ್ಕಿರಿ. ಅಂಥ ಬಿಗಿಯಾದ ಶಾಸ್ತ್ರ ಎಷ್ಟು ಸಡಿಲವಾಗಿಬಿಟ್ಟಿತ್ತು ಎಂದರೆ ಅವ್ವ ಕೂಡ ಒಂದು ಗಳಿಗೆ ಗೋಡೆಗೊರಗಿ ಕೂತಳು.

ನಿನಗೆ ನೆನಪಿದೆಯಲ್ಲ — ನಮ್ಮಲ್ಲಿ ಹುಡುಗ ಹುಡುಗಿ ಒಬ್ಬರಿಗೊಬ್ಬರು ಮಾತಾಡುವಂತಿರಲಿಲ್ಲ. ದೊಡ್ಡವರು ಕೊಡುಕೊಳ್ಳುವ ಮಾತು ತೆಗೆಯುವಾಗ ಹುಡುಗ ಅಲ್ಲಿ ಇರುವುದೂ ಚೆನ್ನಲ್ಲ. ಅಪ್ಪ ನನ್ನನ್ನು ಕರೆದು, “ವೀಣಾ, ಇವ್ರಿಗೆ ಮಾಳಿಗಿ ಮ್ಯಾಲಿಂದ ದುರ್ಗಮ್ಮನ ಗುಡ್ಡ ತೋರಿಸ್ಕೊಂಡು ಬಾ” ಅಂದರು. ನಿನಗೆ ಅವರೊಡನೆ ಒಂದು ಮಾತಾಡುವ ಹಕ್ಕಿರಲಿಲ್ಲ. ನನಗೆ ಇತ್ತು, ಏಕೆಂದರೆ ನಾನು ಲೆಕ್ಕಕ್ಕಿಲ್ಲದವಳು, ಸಣ್ಣ ಹುಡುಗಿ. ಹೀಗೆ ನಿನ್ನ ಮದುವೆಯ ಮಾತು ನನ್ನ ಬಾಯಿಗೆ ಬಂತು.

ಮಾಳಿಗೆಯ ಮೇಲೆ ಯಾರೋ ಹಪ್ಪಳ ಒಣಹಾಕಿದ್ದರು. ಅವರು ಹಪ್ಪಳ ತುಳಿಯದಂತೆ ಚಪ್ಪಲಿ ಬಿಟ್ಟು, ದಾಟಿ ಬಂದು, ಗುಡ್ಡದ ಕಡೆ ಮುಖಮಾಡಿ ನಿಂತರು. ನಾನು ಸಿನಿಮಾದ ತಂಗಿಯ ಹಾಗೆಯೇ ಉಸಿರು ಎಳೆದುಕೊಂಡೆ. ನನ್ನ ತೆಲುಗು ಬೆರೆತ ಅರೆಬರೆ ಕನ್ನಡದಲ್ಲಿ ಹೇಳಿದೆ:

“ನಮ್ಮ ಪಿನ್ನಿಗೆ ಈ ಮದುವಿ ಇಷ್ಟ ಇಲ್ಲ ಅಂಡಿ. ಬ್ಯಾರೇ ಒಬ್ರು ಅದಾರ. ಹೇಳಾಕ ಆಗ್ದ ಅಳಾಕತ್ತಾಳ.”

ಅವರು ತಿರುಗಿದರು. ಮುಖದಲ್ಲಿ ಏನೋ ಆರಿಹೋಯಿತು. ಸಿನಿಮಾದ ವರನಂತೆ ಅವರು ನಗಲಿಲ್ಲ. “ಖರೇನ ತಂಗೀ?” ಎಂದು ಕೇಳಿದರು. ಎರಡು ಸಲ ಕೇಳಿದರು, ಪಿನ್ನೀ. ಎರಡು ಸಲವೂ ನಾನು ಖರೇ ಅಂದೆ. ಎರಡನೇ ಸಲ ಕೇಳಿದಾಗ — ಆಗ ಒಂದು ಕ್ಷಣ, ಇದು ಸುಳ್ಳಾಗಿದ್ದರೆ ಎಂದು ನನಗೆ ಅನಿಸಿತ್ತು. ಆದರೂ ಖರೇ ಅಂದೆ. ಅವರು ಮತ್ತೆ ಗುಡ್ಡದ ಕಡೆ ತಿರುಗಿ ಮೆಲ್ಲಗೆ ಹೇಳಿದರು:

“ಹುಡುಗಿಗೆ ಮನಸ್ಸಿಲ್ಲಂತ ನನ್ನ ಬಾಯಿಂದ ಹೊರಗ ಬಿದ್ರ ನಾಳೆ ಅವರಿಗೇ ತ್ರಾಸ. ನಾನ ಬ್ಯಾಡಂದೆ ಅಂತ ಹೇಳ್ತೀನಿ. ನೀ ಇದನ್ನ ಯಾರ ಮುಂದೂ ಆಡಬ್ಯಾಡ. ಅವರ ಹೆಸರು ಕೆಡಬಾರದು.”

ಕೆಳಗೆ ಬಂದು ಅವರು ಎಲ್ಲರಿಗೂ ಕೈಮುಗಿದರು. ಭಾವ ಇನ್ನೂ ನಾಲಿಗೆಗೆ ಸಕ್ಕರೆ ಹಚ್ಚಿಕೊಳ್ಳುತ್ತಿದ್ದರು. ತಲೆಬಾಗಿಲಲ್ಲಿ ನಿನ್ನ ಪಕ್ಕ ಹಾದುಹೋಗುವಾಗ ಶಿವಾನಂದರು ತಲೆ ಎತ್ತಲಿಲ್ಲ. ನೀನು ಎತ್ತಿದೆ. ಮೊದಲ ಸಲ ಒಬ್ಬ ಗಂಡಸನ್ನು ಕತ್ತೆತ್ತಿ ನೋಡಬೇಕಾಗಿ ಬಂದ ಖುಷಿ ನಿನ್ನ ಮುಖದಲ್ಲಿ ಹಾಗೇ ಇತ್ತು.

ವಾರದೊಳಗೆ ಅಪ್ಪನ ಆಫೀಸಿಗೆ ಫೋನು ಬಂತು. ಹುಡುಗನೇ ಒಲ್ಲೆ ಅಂದನಂತೆ, ಕಾರಣ ಹೇಳಲಿಲ್ಲವಂತೆ. ಅಪ್ಪ ಸಿಟ್ಟಿನಲ್ಲಿ, “ಹಡಗಿನ್ಯಾಗ ಇರೋರು, ಏನೇನು ಚಟ ಅದಾವೋ ಏನೋ, ಹೋಗ್ಲಿ ಬಿಡು” ಅಂದರು. ಅವ್ವ ಅದಕ್ಕೆ ಇನ್ನೆರಡು ಸೇರಿಸಿದಳು. ನಿನ್ನ ಹೆಸರು ಕೆಡಬಾರದೆಂದು ತಾನು ಕೆಟ್ಟವನಾದ ಮನುಷ್ಯನನ್ನು ನಮ್ಮ ಮನೆಯಲ್ಲಿ ಕುಡುಕನನ್ನಾಗಿ ಮಾಡಿದರು. ನಾನು ತಟ್ಟೆ ನೋಡಿಕೊಂಡು ಅನ್ನ ಕಲೆಸುತ್ತಿದ್ದೆ.

ಮರುದಿನ ಮಧ್ಯಾಹ್ನ ನೀನೂ ಅವ್ವನೂ ಅಕ್ಕಿ ಆರಿಸುತ್ತ ಕೂತಿದ್ದಿರಿ. ನಾನು ಒಳಗೆ ಓದುತ್ತಿದ್ದೇನೆಂದು ನೀವು ತಿಳಿದಿದ್ದಿರಿ. ನೀನು ಅವ್ವನಿಗೆ ಹೇಳಿದ್ದು ಕೇಳಿಸಿತು. “ಈ ಸಲ ನನಗ ಆಸೆ ಆಗಿತ್ತಕ್ಕಾ. ಅವತ್ತು ಬೆಳಿಗ್ಗಿಯಿಂದ ಅಳು ಬರಾಕತ್ತಿತ್ತು, ಇವ್ರೂ ಬ್ಯಾಡಂದ್ರ ಹ್ಯಾಂಗ ತಡ್ಕೊಳ್ಳೋದಂತ.” ಆಮೇಲೆ, “ಎತ್ತರ ಅಂತೂ ಕಾರಣ ಅಲ್ಲ. ಹಂಗಾರ ನನ್ನ ಮಾರೀನ ಇರಬೇಕು” ಅಂದೆ. ಅವ್ವ ಮೊರ ಎತ್ತಿ ಅಕ್ಕಿ ಕೇರತೊಡಗಿದಳು.

ಎದ್ದು ಬಂದು ಹೇಳಬೇಕಾದ ಗಳಿಗೆ ಅದು. ಫೋನಿನಲ್ಲಿ ಒಂದು ಮಾತು ಸಾಕಿತ್ತು, ರೈಲಿಗೆ ಕೂತರೆ ಅರ್ಧ ದಿನದ ದಾರಿ. ಎಲ್ಲ ಸರಿಹೋಗುತ್ತಿತ್ತು — ಸಿನಿಮಾದಲ್ಲಿ ಹೋಗುವ ಹಾಗೆಯೇ. ನಾನು ಪುಸ್ತಕದಿಂದ ತಲೆ ಎತ್ತಲಿಲ್ಲ. ಅಪ್ಪ ಹೊಡೆಯುತ್ತಾರೆಂಬ ಹೆದರಿಕೆ. ಅದಕ್ಕಿಂತ ಹೆಚ್ಚಾಗಿ, ನೀನು ಇನ್ನು ನಿನ್ನ ಸೆರಗು ಕೊಡಲಿಕ್ಕಿಲ್ಲ ಎಂಬ ಹೆದರಿಕೆ. ಬೇಸಿಗೆಯಲ್ಲಿ ಪ್ರಸಾದನ ಮದುವೆಯಾಯಿತು. ನಾವೆಲ್ಲ ಗುಡಿವಾಡಕ್ಕೆ ಹೋಗಿ ಉಂಡು ಬಂದೆವು. ನೀನು ಮದುಮಗಳಿಗೆ ಜಡೆ ಹೆಣೆದುಕೊಟ್ಟೆ, ಹಾಡು ಹೇಳಿದೆ. ನಾನು ಪಾಯಸವನ್ನು ಎಲೆಯಲ್ಲೇ ಬಿಟ್ಟೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಅವ್ವ ಯಾರಿಗೋ ಏನಕ್ಕೋ ಅಂದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ನಾನು ತಿರುಗಿ ನೋಡಿದೆ.

ಬಹಳ ವರ್ಷ ನಾನು ಆ ಸಿನಿಮಾವನ್ನು ಬೈದೆ. ಅಂಥವನ್ನು ಮಕ್ಕಳಿಗೆ ತೋರಿಸಲೇಬಾರದು ಅನ್ನುತ್ತಿದ್ದೆ. ಈಗ ನನ್ನ ಮಗಳಿಗೂ ಹದಿನೈದು. ಅವಳೂ ಅಂಥದೇ ಮನೆತುಂಬ ಜನರ, ಮದುವೆಯ ಗಲಾಟೆಯ ಸಿನಿಮಾ ಹಾಕಿಕೊಂಡು ನಗುತ್ತಾಳೆ. ನಾನು ಅಡ್ಡಿಪಡಿಸುವುದಿಲ್ಲ, ಪಕ್ಕದಲ್ಲಿ ಕೂತು ನೋಡುತ್ತೇನೆ, ನಗುವೂ ಬರುತ್ತದೆ. ಅವುಗಳಲ್ಲಿ ಪ್ರೀತಿ ಸುಳ್ಳಲ್ಲ. ಮಕ್ಕಳು ದೊಡ್ಡವರ ಬದುಕಿನಲ್ಲಿ ಕೈ ಹಾಕಿದರೆ ಎಲ್ಲ ಒಳ್ಳೆಯದೇ ಆಗುತ್ತದೆ ಎನ್ನುವುದೊಂದು ಸುಳ್ಳು. ಪೆಟ್ಟಿಗೆ ಎತ್ತಿಕೊಂಡು ಹೋದ ವರ ಆಮೇಲೆ ಏನಾದ ಎಂದು ಯಾರೂ ಕೇಳುವುದಿಲ್ಲ, ಅಷ್ಟೇ. ನನ್ನ ಮಗಳಿಗೆ ಅದನ್ನು ಒಮ್ಮೆ ಕೇಳಿದೆ. “ಅಮ್ಮಾ, ಅವನು ಸೈಡ್ ಕ್ಯಾರೆಕ್ಟರ್” ಅಂದಳು.

ಆದರೆ ಸಿನಿಮಾ ನನ್ನನ್ನು ಕೆಡಿಸಲಿಲ್ಲ ಪಿನ್ನೀ. ಇದನ್ನು ಒಪ್ಪಿಕೊಳ್ಳುವುದಕ್ಕೇ ನನಗೆ ಇಷ್ಟು ವರ್ಷ ಬೇಕಾಯಿತು. ನಾನು ಪ್ರಸಾದನನ್ನು ಯಾಕೆ ಆರಿಸಿದೆ ಗೊತ್ತೇ? ಅವನಲ್ಲಿ ಏನಿತ್ತು? ಅವನು ಕೆಳಗಿನ ಮನೆಯಲ್ಲಿದ್ದ. ಅವನನ್ನು ಮದುವೆಯಾದರೆ ನೀನು ಹನ್ನೆರಡು ಮೆಟ್ಟಿಲು ಇಳಿದು ಹೋಗುತ್ತಿದ್ದೆ, ಅಷ್ಟೇ. ನಾನು ಜಡೆ ಹಾಕಿಸಿಕೊಳ್ಳಲು ಓಡಿ ಬರಬಹುದಿತ್ತು. ಶಿವಾನಂದರು ನಿನ್ನನ್ನು ಸಮುದ್ರದ ಊರಿಗೆ ಕರೆದೊಯ್ಯುವವರು. ನಿನ್ನ ಪ್ರೇಮವನ್ನು ಕಾಪಾಡಲು ನಾನು ಮಾಳಿಗೆ ಹತ್ತಲಿಲ್ಲ. ನಿನ್ನನ್ನು ನನಗೇ ಇಟ್ಟುಕೊಳ್ಳಲು ಹತ್ತಿದೆ. ಇಟ್ಟುಕೊಂಡೆ ಕೂಡ — ಮದುವೆ ಮುರಿದ ಮೇಲೆ ನೀನು ಇನ್ನೂ ಎಷ್ಟೋ ವರ್ಷ ನಮ್ಮ ಮನೆಯಲ್ಲೇ ಇದ್ದೆ. ನನ್ನ ಬದುಕಿನ ಅತ್ಯಂತ ಸುಖದ ವರ್ಷಗಳು ಅವು. ಹಾಗೆ ಹೇಳಲು ನಾಚಿಕೆಯಾಗುತ್ತದೆ, ಆದರೆ ನಿಜ.

ಇನ್ನೊಂದಿದೆ. ಅಪ್ಪನಿಗೆ ವಿಶಾಖಪಟ್ಟಣಕ್ಕೇ ವರ್ಗವಾಯಿತು. ನಾನು ಕಾಲೇಜು, ನೀನು ಅಲ್ಲಿನ ಒಂದು ಶಾಲೆಯಲ್ಲಿ ಹಿಂದಿ ಟೀಚರು. ಕನ್ನಡದವರೆಲ್ಲ ಸೇರಿ ರಾಜ್ಯೋತ್ಸವ ಮಾಡಿದ ಒಂದು ಸಂಜೆ, ಬಿಸಿಬೇಳೆಬಾತಿನ ಸಾಲು ಹನುಮಂತನ ಬಾಲದಷ್ಟು ಉದ್ದ ಇತ್ತು, ನೆನಪಿದೆಯೇ? ನಾನು ನೀರಿನ ಡ್ರಮ್ಮಿನ ಹತ್ತಿರ ಹೋದೆ. ಹೆಗಲ ಮೇಲೆ ಮಗುವನ್ನು ಕೂರಿಸಿಕೊಂಡ ಒಬ್ಬರು ನನ್ನನ್ನೇ ನೋಡುತ್ತಿದ್ದರು. ಗುರುತು ಹಿಡಿದೆ. ಅವರೂ ಹಿಡಿದರು. ಮಗುವಿನ ಕಾಲು ಹಿಡಿದುಕೊಂಡೇ, ಯಾರಿಗೂ ಕೇಳದಷ್ಟು ಮೆಲ್ಲಗೆ ಕೇಳಿದರು. “ನಿಮ್ಮ ಪಿನ್ನಿ ಆರಾಮ ಇದ್ದಾರ? ಅವ್ರು ಮೆಚ್ಚಿದವ್ರ ಜೋಡಿನ ಮದುವಿ ಆತಲ್ಲ?”

ನೀನು ಅಷ್ಟು ದೂರದಲ್ಲಿ, ಕುರ್ಚಿಗಳ ನಡುವೆ, ಒಂಟಿಯಾಗಿ ಎರಡು ತಟ್ಟೆ ಹಿಡಿದು ನನಗಾಗಿ ಕಾಯುತ್ತಿದ್ದೆ. ನಾನು “ಹೂಂ, ಆತು” ಅಂದೆ. ಅವರು “ಛಲೋ ಆತು” ಅಂದರು. ನಿಜವಾಗಿಯೂ ಸಂತೋಷಪಟ್ಟರು, ಪಿನ್ನೀ, ಮುಖ ನೋಡಿದರೆ ಗೊತ್ತಾಗುತ್ತಿತ್ತು. ಆಗ ನಾನು ಹದಿನೈದರ ಹುಡುಗಿಯಲ್ಲ. ಇಪ್ಪತ್ತು ತುಂಬಿತ್ತು. ಓಡಿ ಬಂದು ಹೊಟ್ಟೆನೋವು ಅಂದೆ. ನೀನು ಬಾಯಿಗಿಡದ ತಟ್ಟೆಗಳನ್ನು ಅಲ್ಲೇ ಇಟ್ಟು, ಆಟೋ ಹಿಡಿದು, ದಾರಿಯುದ್ದಕ್ಕೂ ನನ್ನ ಹೊಟ್ಟೆ ನೇವರಿಸುತ್ತ ಬಂದೆ. ಮನೆಗೆ ಬಂದು ಜೀರಿಗೆ ನೀರು ಕಾಸಿಕೊಟ್ಟೆ. ನಿನ್ನ ಊಟ ಆಗಲಿಲ್ಲವೆಂದು ನಿನಗೆ ನೆನಪಾದದ್ದೇ ಆಮೇಲೆ.

ಮುಂದೆ ನಿನಗೆ ಬಸಣ್ಣ ಕಾಕಾ ಸಿಕ್ಕರು. ಹೆಂಡತಿ ಕಳೆದುಕೊಂಡ ಗದಗಿನ ಮೇಷ್ಟರು, ನಿನಗಿಂತ ಅರ್ಧ ಗೇಣು ಕುಳ್ಳು. “ಅಡಗಿಮನ್ಯಾಗ ಮ್ಯಾಲಿನ ಫಳಿ ಮ್ಯಾಲಿರೋ ಡಬ್ಬಿ ತಗ್ಯಾಕ ಅಂತನ ಲಗ್ನ ಆಗೀನಿ” ಎಂದು ಕಾಕಾ ಮದುವೆಯ ಚಪ್ಪರದಲ್ಲೇ ಚೇಷ್ಟೆ ಮಾಡಿದವರು, ಇವತ್ತಿಗೂ ನಿಲ್ಲಿಸಿಲ್ಲ. ನಿಮ್ಮ ಮನೆಗೆ ಬಂದರೆ ನನಗೆ ಹೊರಡಲು ಮನಸ್ಸಾಗುವುದಿಲ್ಲ. ಅಷ್ಟು ನಗು ಇರುವ ಮನೆ ನಾನು ಬೇರೆ ಕಂಡಿಲ್ಲ. ಕೊನೆಗೆ ಎಲ್ಲ ಒಳ್ಳೆಯದೇ ಆಯಿತಲ್ಲ ಎಂದು ನನಗೆ ನಾನೇ ಹೇಳಿಕೊಂಡದ್ದುಂಟು. ಆ ಸುಖ ನೀನೂ ಕಾಕಾನೂ ಕಟ್ಟಿಕೊಂಡದ್ದು. ಅದರಲ್ಲಿ ನನ್ನ ಪಾಲು ಹೇಳಿಕೊಳ್ಳುವ ಮುಖ ನನಗಿಲ್ಲ.

ಸುಮ್ಮನೆ ಇದ್ದುಬಿಡಬಹುದಿತ್ತು. ಆದರೆ ಹೋದ ದೀಪಾವಳಿಗೆ ನನ್ನ ಮಗಳು ಕನ್ನಡಿ ಮುಂದೆ ಕೂತು, ತನ್ನ ಮೂಗು ಚೆನ್ನಾಗಿಲ್ಲ ಎಂದು ಮುಖ ಊದಿಸಿಕೊಂಡಿದ್ದಳು. ನೀನು ಅವಳ ತಲೆಗೆ ಎಣ್ಣೆ ಹಚ್ಚುತ್ತಿದ್ದೆ. “ಏ ಹುಚ್ಚಿ, ಇಷ್ಟು ಛಂದ ಮೂಗು ಇಟ್ಕೊಂಡು ಅಳ್ತೀ? ನನ್ನ ಮಾರಿ ನೋಡಿ ಒಬ್ಬಾಂವ ಹೇಳದ ಕೇಳದ ಎದ್ದು ಹೋಗಿದ್ದ. ನಾ ಏನು ಸತ್ತೆನೇನು?” ಎಂದು ನಕ್ಕೆ. ಕಾಕಾ ನಕ್ಕರು, ಮಗಳೂ ನಕ್ಕಳು. ನೀನು ತಮಾಷೆಗೇ ಹೇಳಿದ್ದು. ಆದರೆ ಅಷ್ಟು ವರ್ಷವಾದ ಮೇಲೂ ಆ ಮಾತು ಹುಡುಕದೆಯೇ ನಿನ್ನ ಬಾಯಿಗೆ ಬಂತು. ಕನ್ನಡಿಯಲ್ಲಿ ನೀನು ನಿನ್ನ ಮುಖ ನೋಡಿದ ರೀತಿ — ಒಮ್ಮೆ ನೋಡಿ, ತಕ್ಷಣ ಮಗಳ ತಲೆಯತ್ತ ಕಣ್ಣು ಇಳಿಸಿದ್ದು — ಅದನ್ನು ನಾನು ಮಾತ್ರ ಕಂಡೆ.

ನಾಳೆ ಬೆಳಗಿನ ಬಸ್ಸಿಗೆ ಗದಗಕ್ಕೆ ಬರುತ್ತಿದ್ದೇನೆ. ಈಗ ಮನಸ್ಸಿನಲ್ಲೇ ಆಡಿದ ಇದನ್ನೆಲ್ಲ ನಿನ್ನ ಎದುರು ಕೂತು ಬಾಯಿಯಿಂದಲೇ ಹೇಳುತ್ತೇನೆ. ಕಾಕಾನ ಮುಂದೆ ಹೇಳಬೇಕೋ ಬೇಡವೋ ನೀನೇ ಹೇಳು. ಕ್ಷಮಿಸು ಎಂದು ಕೇಳುವುದಿಲ್ಲ. ಕೇಳಿದರೆ ನೀನು ಕೊಟ್ಟುಬಿಡುತ್ತೀ, ನಿನ್ನ ಸ್ವಭಾವ ನನಗೆ ಗೊತ್ತು. ಬೈಯಬೇಕೆನಿಸಿದರೆ ಬೈ, ಹೊರಗೆ ಹೋಗು ಅಂದರೆ ಹೋಗುತ್ತೇನೆ.

ಮಾಳಿಗೆಯ ಮೇಲೆ ನಡೆದದ್ದನ್ನು ಪೂರ್ತಿ ಹೇಳಿದೆ ಅಂದುಕೊಂಡೆಯಾ? ಇಲ್ಲ. ಇಲ್ಲಿಯೂ ಒಂದನ್ನು ನುಂಗಿಕೊಂಡೇ ಬಂದೆ. ಮೊದಲು ಮಾತಾಡಿದವಳು ನಾನಲ್ಲ. ನಾನು ಬಾಯಿ ತೆರೆಯುವ ಮೊದಲೇ ಅವರು ನನ್ನ ಕಡೆ ಬಾಗಿ, ನಾಚಿಕೊಂಡು, ನಿನಗೆ ತಲುಪಿಸು ಎಂದು ಒಂದು ಮಾತು ಕೊಟ್ಟಿದ್ದರು. ಅದನ್ನು ಕೇಳಿಯೂ ನಾನು ಆ ಸುಳ್ಳು ಹೇಳಿದೆ. ಅದು ನಿನಗೆ ಸೇರಬೇಕಾದ ಮಾತು, ನಾನು ಇಷ್ಟು ವರ್ಷ ನನ್ನಲ್ಲೇ ಇಟ್ಟುಕೊಂಡೆ. ನಾಳೆ ನಿನಗೆ ಮೊದಲು ಅದನ್ನೇ ಹೇಳುತ್ತೇನೆ, ಅವರು ಹೇಳಿದ ಹಾಗೆಯೇ:

“ನನಗ ನಿಮ್ಮ ಪಿನ್ನಿ ಮನಸ್ಸಿಗೆ ಬಂದಾರ, ತಂಗೀ. ದೊಡ್ಡವ್ರಿಗೆ ಆಮ್ಯಾಲೆ ಹೇಳ್ತೀನಿ. ಮೊದಲು ಅವ್ರಿಗೇ ಗೊತ್ತಾಗ್ಲಿ. ಹೋಗಿ ಹೇಳು.”